ಇದ್ದ ಹಾಗೇ ಒಂದು ಫೋಟೋ

ನಮ್ಮ ಮನೆಯಲ್ಲಿ ಫೋಟೋಗಳಿಗೆ ಬರವಿಲ್ಲ. ನನ್ನ ತಮ್ಮ ಫೋಟೋಗ್ರಾಫರ್. ಹಾಲಿನ ಗೋಡೆಯ ಮೇಲೆ ಹನ್ನೊಂದು, ಮೆಟ್ಟಿಲ ಪಕ್ಕದಲ್ಲಿ ಆರು, ಬೀರುವಿನಲ್ಲಿ ನಾಲ್ಕು ಆಲ್ಬಮ್. ಮುಕ್ಕಾಲು ಪಾಲು ಅವನ ಒಬ್ಬಳೇ ಮಗಳವು. ತೊಟ್ಟಿಲಲ್ಲಿ ಮಲಗಿಕೊಂಡು, ಮೂರುಗಾಲಿ ಸೈಕಲ್ ಮೇಲೆ ಕೂತುಕೊಂಡು, ಹಲ್ಲು ಬಿದ್ದ ಬಾಯಿ ತೆರೆದುಕೊಂಡು, ಶಾಲೆಯ ಮೊದಲ ದಿನ ತನಗಿಂತ ದೊಡ್ಡ ಚೀಲ ಹೊತ್ತುಕೊಂಡು. ಇಷ್ಟೆಲ್ಲ ನೋಡಿದವರಿಗೆ ಆ ಹುಡುಗಿಯ ಬಗ್ಗೆ ಎಲ್ಲ ಗೊತ್ತಾಗುತ್ತದೆ, ಒಂದನ್ನು ಬಿಟ್ಟು. ಅವಳ ಎಡಗೆನ್ನೆಯಲ್ಲಿ, ಕಣ್ಣಿನ ಕೆಳಗಿನಿಂದ ದವಡೆಯ ಅಂಚಿನವರೆಗೆ ಹರಡಿಕೊಂಡ ಒಂದು ಮಚ್ಚೆಯಿದೆ. ಕಂದು ಕೆಂಪು ಬಣ್ಣದ್ದು, ಹುಟ್ಟುವಾಗಲೇ ಬಂದದ್ದು. ನಮ್ಮ ಮನೆಯ ಒಂದು ಫೋಟೋದಲ್ಲೂ ಅದು ಇಲ್ಲ.

ತಮ್ಮನ ಸ್ಟುಡಿಯೋ ಮನೆಯ ಕೆಳಗೇ ಇದೆ. ರಸ್ತೆಗೆ ಗಾಜಿನ ಬಾಗಿಲು, ಒಳಗೆ ಕೌಂಟರು, ಅದರ ಹಿಂದೊಂದು ಪರದೆ, ಪರದೆಯಾಚೆ ಫೋಟೋ ತೆಗೆಯುವ ಕೋಣೆ. ಅಲ್ಲಿ ತಿರುಗಿಸಿದರೆ ಎತ್ತರವಾಗುವ ದುಂಡು ಸ್ಟೂಲು, ಬಿಳಿ ಛತ್ರಿಯ ಎರಡು ದೀಪ, ಮೇಲಿಂದ ಇಳಿಬಿಟ್ಟ ನೀಲಿ ಬಟ್ಟೆ, ಗೋಡೆಯಲ್ಲೊಂದು ಕನ್ನಡಿ, ಕನ್ನಡಿಗೆ ದಾರದಲ್ಲಿ ಕಟ್ಟಿಹಾಕಿದ ಬಾಚಣಿಗೆ. ಬಾಚಣಿಗೆ ಕಟ್ಟಿದವಳು ನಾನು. ದೊಡ್ಡ ದೊಡ್ಡ ಮನುಷ್ಯರೆಲ್ಲ ತಲೆ ಬಾಚಿಕೊಂಡು, ಫೋಟೋಗೆ ನಕ್ಕು, ನಮ್ಮ ಬಾಚಣಿಗೆಯನ್ನು ಜೇಬಿಗಿಳಿಸಿಕೊಂಡು ಹೋಗುತ್ತಿದ್ದರು. ಸ್ಟೂಲಿನ ಮೇಲೆ ಯಾರೇ ಕೂತರೂ ತಮ್ಮ ಹೇಳುವ ಮಾತು ಒಂದೇ, ‘ಗದ್ದ ಸ್ವಲ್ಪ ಮೇಲೆ.’ ಬೀದಿಯವರು ಅವನಿಗೆ ಗದ್ದಮೇಲೆ ಅಂತಲೇ ಹೆಸರಿಟ್ಟುಬಿಟ್ಟಿದ್ದಾರೆ. ಗದ್ದಮೇಲೆಯವರ ಅಂಗಡಿ ಎಲ್ಲಿ ಅಂತ ಕೇಳಿಕೊಂಡು ಬಂದವರನ್ನು ನಾನೇ ಎಷ್ಟೋ ಸಲ ಒಳಗೆ ಕರೆದಿದ್ದೇನೆ.

ಗಂಡ ತೀರಿಕೊಂಡ ಮೇಲೆ ನಾನು ತಮ್ಮನ ಮನೆಯಲ್ಲೇ ಇದ್ದೇನೆ, ಇಪ್ಪತ್ತು ವರ್ಷವಾಯಿತು. ಸ್ಟುಡಿಯೋದಲ್ಲಿ ನನ್ನದು ಕತ್ತರಿ ಕೆಲಸ. ಒಂದು ಹಾಳೆಯಲ್ಲಿ ಒಂದೇ ಮುಖ ಎಂಟು ಸಲ ಅಚ್ಚಾಗಿ ಬರುತ್ತದೆ. ನಾನು ಬಿಡಿಬಿಡಿಯಾಗಿ ಕತ್ತರಿಸಿ, ಪುಟ್ಟ ಕವರಿಗೆ ಹಾಕಿ ಕೊಡುತ್ತೇನೆ. ಈ ಬೀದಿಯ ಮುಖಗಳೆಲ್ಲ ನನ್ನ ಬೆರಳ ಸಂದಿಯಲ್ಲಿ ಹಾದುಹೋದವೇ. ನನ್ನ ಬಾಯಿ ಸ್ವಲ್ಪ ಜೋರು ಅನ್ನುತ್ತಾರೆ. ಇಡೀ ದಿನ ಕತ್ತರಿ ಹಿಡಿದವಳ ಮಾತು ಇನ್ನು ಹೇಗಿರಬೇಕು.

ಫೋಟೋ ಹೊಡೆಯುವುದು ತಮ್ಮನಿಗೆ ಅರ್ಧ ಕೆಲಸ ಮಾತ್ರ. ಉಳಿದರ್ಧ ಕಂಪ್ಯೂಟರಿನ ಮುಂದೆ. ಮೊಡವೆ, ಕಣ್ಣ ಕೆಳಗಿನ ಕಪ್ಪು, ಹಣೆಯ ಗೆರೆ, ಗಾಯದ ಗುರುತು, ಎಲ್ಲವನ್ನೂ ಅವನು ಒರೆಸುತ್ತಾನೆ. ಕೇಳಿದವರಿಗೂ ಸೈ, ಕೇಳದವರಿಗೂ ಸೈ. ಇದಕ್ಕೆ ಅವನು ತಿದ್ದುವುದು ಅನ್ನುತ್ತಾನೆ. ಒಂದು ಸಲ ನಾನು, ಯಾಕೋ ಹೀಗೆ ಜನರ ಮುಖವನ್ನೇ ಬದಲಾಯಿಸ್ತೀಯ ಅಂತ ರೇಗಿದ್ದಕ್ಕೆ, ಜನ ಕನ್ನಡಿ ನೋಡಿಕೊಳ್ಳುವುದಕ್ಕೆ ನಮ್ಮಲ್ಲಿಗೆ ಬರುವುದಿಲ್ಲ, ಕನ್ನಡಿ ಅವರ ಮನೆಯಲ್ಲೇ ಇರುತ್ತದೆ ಅಂದ. ಇನ್ನೊಂದು ಅಭ್ಯಾಸವೂ ಅವನಿಗುಂಟು. ಕಂಪ್ಯೂಟರಿನಲ್ಲಿ ಜಾಗ ಸಾಲದು ಅಂತ, ತಿದ್ದಿದ್ದನ್ನು ಮೊದಲಿನದರ ಮೇಲೇ ಉಳಿಸುತ್ತಾನೆ. ತಿದ್ದಿದ ಮುಖ ಉಳಿಯುತ್ತದೆ, ತೆಗೆದ ಮುಖ ಅಲ್ಲಿಗೆ ಮುಗಿಯಿತು. ಸಾವಿರಾರು ಜನರಿಗೆ ಹೀಗೇ ಮಾಡಿದ್ದಾನೆ, ಒಬ್ಬರೂ ಬಂದು ನಮ್ಮ ಹಳೇ ಮುಖ ವಾಪಸು ಕೊಡಿ ಅನ್ನಲಿಲ್ಲ.

ಮಗು ಹುಟ್ಟಿದಾಗ ಅದರ ಕೆನ್ನೆ ನೋಡಿ ಎಲ್ಲರಿಗಿಂತ ಕಡಿಮೆ ಗಾಬರಿಯಾದವಳು ಅದರ ತಾಯಿ. ಅವಳು ನರ್ಸು, ಮೈಮೇಲಿನ ಗುರುತುಗಳು ಅವಳಿಗೆ ಹೊಸವಲ್ಲ. ಇಬ್ಬರು ಡಾಕ್ಟರಿಗೆ ತೋರಿಸಿದಳು. ಇದರಿಂದ ತೊಂದರೆಯಿಲ್ಲ, ತೆಗೆಯಲು ಹೋದರೆ ಪೂರ್ತಿ ಹೋಗುವ ಭರವಸೆಯೂ ಇಲ್ಲ, ಬಿಟ್ಟುಬಿಡಿ ಅಂದರು. ಅವಳು ಬಿಟ್ಟುಬಿಟ್ಟಳು. ತಮ್ಮ ಬಿಡಲಿಲ್ಲ. ಮಗುವಿನ ಮೊದಲ ಫೋಟೋವನ್ನೇ ಅವನು ಒಂದಿಡೀ ಸಂಜೆ ಕೂತು ತಿದ್ದಿದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಮುದ್ದೇ ಆಗಿದ್ದರೆ ಹೆಗ್ಗಣವನ್ನು ಮೊಲ ಮಾಡುವ ಉಸಾಬರಿ ಯಾಕೆ ಬೇಕಿತ್ತು ಅಂತ ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಆಗ ನಾನೂ ಆ ಫೋಟೋ ನೋಡಿ, ಎಷ್ಟು ಲಕ್ಷಣವಾಗಿ ಬಂದಿದೆ ಅಂದಿದ್ದೆ.

ಆ ಮಗುವನ್ನು ನಾನು ಕೂಸು ಅಂತಲೇ ಕರೆಯುವುದು, ಈಗಲೂ. ಆರನೇ ವರ್ಷದಲ್ಲಿ ಕೂಸು ಗೋಡೆಯ ಮುಂದೆ ನಿಂತು, ತನ್ನದೇ ಫೋಟೋಗೆ ಬೆರಳು ಮಾಡಿ, ‘ಅಪ್ಪ, ಇವಳು ಯಾರು?’ ಅಂತ ಕೇಳಿತು. ನೀನೇ ಮರಿ ಅಂದ ತಮ್ಮ. ಮಚ್ಚೆ ಎಲ್ಲಿ ಅಂದರೆ, ಲೈಟು ಹಾಗೆ ಬಿದ್ದಿದೆ ಅಂದ. ಅದಾದ ಮೇಲೆ ಎಷ್ಟೋ ದಿನ ಕೂಸು ಸ್ಟುಡಿಯೋ ಕನ್ನಡಿಯ ಮುಂದೆ ನಿಂತು, ಮುಖವನ್ನು ಆ ಕಡೆ ಈ ಕಡೆ ಹೊರಳಿಸಿ, ಲೈಟು ಹಾಗೆ ಎಲ್ಲಿ ಬೀಳುತ್ತದೆ ಅಂತ ಹುಡುಕುತ್ತಿತ್ತು. ನಾವು ಅದನ್ನು ನೋಡಿ ನಗುತ್ತಿದ್ದೆವು.

ಅವಳಿಗೆ ಮಚ್ಚೆಯಿದೆ ಅನ್ನುವುದು ಬೀದಿಗೆ ಗೊತ್ತಿತ್ತು, ಶಾಲೆಗೆ ಗೊತ್ತಿತ್ತು, ಯಾರಿಗೂ ಅದು ಸುದ್ದಿಯಾಗಿರಲಿಲ್ಲ. ಅವಳ ಸುದ್ದಿ ಬೇರೆ. ಮಹಾ ಅಣಕದ ಹುಡುಗಿ. ಶಾಲೆ ಬಿಟ್ಟವಳು ನೇರ ಸ್ಟೂಲಿಗೆ ಹತ್ತಿ, ಅವತ್ತು ಬಂದುಹೋದ ಗಿರಾಕಿಗಳನ್ನೆಲ್ಲ ಮಾಡಿ ತೋರಿಸುತ್ತಿದ್ದಳು. ಹೊಟ್ಟೆಯನ್ನು ಒಳಗೆಳೆದುಕೊಂಡು ಉಸಿರು ಬಿಡುವುದನ್ನೇ ಮರೆತ ಬ್ಯಾಂಕಿನವರು. ನಗಿ ಅಂದರೆ ಅಳುವ ಮುಖ ಮಾಡುವ ಔಷಧಿ ಅಂಗಡಿಯವರು. ಕಣ್ಣು ಮುಚ್ಚಬಾರದು ಅಂತ ಗುಡ್ಡೆ ಬಿಟ್ಟುಕೊಂಡು ಕೂರುವ ಅವಳ ಹೆಡ್‌ಮೇಷ್ಟ್ರು. ಕೊನೆಗೆ ಅವರಪ್ಪನ ದನಿಯಲ್ಲೇ ‘ಗದ್ದ ಸ್ವಲ್ಪ ಮೇಲೆ’ ಅನ್ನುವಳು. ನಾನು ನಕ್ಕು ನಕ್ಕು ಒಂದು ಸಲ ಯಾರದೋ ಕಿವಿಯನ್ನೇ ಕತ್ತರಿಸಿಬಿಟ್ಟಿದ್ದೆ, ಫೋಟೋದಲ್ಲಿ.

ಹದಿನಾಲ್ಕು ತುಂಬಿದಾಗ ಫೋನು ಬಂತು. ಶಾಲೆಯವರೇ ಪಾಠ, ಹೋಂವರ್ಕು ಎಲ್ಲ ಫೋನಿಗೇ ಕಳಿಸುತ್ತಿದ್ದರು, ಬೇಡವೆನ್ನುವ ಹಾಗಿರಲಿಲ್ಲ. ಮಕ್ಕಳೆಲ್ಲ ಇರುವ ಒಂದು ಫೋಟೋ ಆ್ಯಪಿಗೆ ಅವಳೂ ಸೇರಿದಳು. ಅಲ್ಲಿ ಹೆಸರಿನ ಪಕ್ಕದಲ್ಲಿ ಒಂದು ಮುಖ ಹಾಕಬೇಕಂತೆ. ಹಾಲಿನ ಗೋಡೆಯ ಮೇಲಿದ್ದ ತನ್ನ ಇತ್ತೀಚಿನ ಫೋಟೋವನ್ನೇ ಹಾಕಿದಳು. ಯಾರನ್ನೋ ಮೋಸ ಮಾಡಬೇಕು ಅಂತಲ್ಲ. ಆ ಹುಡುಗಿಯ ಹತ್ತಿರ ಬೇರೆ ಥರದ ಫೋಟೋ ಇರಲೇ ಇಲ್ಲ.

ಎರಡು ತಿಂಗಳು ಕಳೆದ ಮೇಲೆ ಸ್ಟೂಲು ಖಾಲಿ ಉಳಿಯತೊಡಗಿತು. ಶಾಲೆಯಿಂದ ಬಂದವಳು ಪರದೆ ಸರಿಸಿ ಒಳಗೂ ಬಾರದೆ ಮೇಲೆ ಹೋಗಿಬಿಡುವಳು. ಕೂದಲನ್ನು ಎಡಗಡೆಗೆ ಇಳಿಬಿಟ್ಟುಕೊಳ್ಳಲು ಶುರು ಮಾಡಿದಳು. ಊಟಕ್ಕೆ ಕೂತರೆ ಗೋಡೆಯ ಪಕ್ಕದ ಕುರ್ಚಿಯೇ ಬೇಕು, ಎಡಗೆನ್ನೆ ಗೋಡೆಗೆ, ಬಲಗೆನ್ನೆ ನಮಗೆ. ಫೋನನ್ನು ಬೋರಲು ಇಡುವಳು, ಅದು ಗುಂಯ್‌ ಅಂದರೆ ಬೆಚ್ಚುವಳು. ನಾನು ದೊಡ್ಡ ಜಾಣೆ ಅಂದುಕೊಂಡವಳು ಏನು ಮಾಡಿದೆ? ಯಾವನೋ ಹುಡುಗ ಗಂಟುಬಿದ್ದಿದ್ದಾನೆ ಅಂತ ಲೆಕ್ಕ ಹಾಕಿದೆ. ಒಂದು ಮಧ್ಯಾಹ್ನ ಬಟ್ಟೆ ಮಡಿಸುತ್ತಿದ್ದಾಗ ಅವಳನ್ನು ತಡೆದು ನಿಲ್ಲಿಸಿ, ‘ಯಾರೇ ಅವನು? ಈ ವಯಸ್ಸಿಗೇ ಶುರು ಹಚ್ಕೊಂಡ್ಯಾ? ನಿನ್ನ ಮುಖಕ್ಕೆ ಯಾರು ಮರುಳಾದ್ರು?’ ಅಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಎಲ್ಲರಿಗೂ ಹಾಗೇ ಅನ್ನುವವಳು, ತಮ್ಮನಿಗೆ ಮದುವೆ ಗೊತ್ತಾದಾಗ ಅವನಿಗೂ ಅದೇ ಮಾತು ಅಂದಿದ್ದೆ. ಆದರೆ ಅವಳ ಮುಖದ ರಕ್ತವೆಲ್ಲ ಇಳಿದುಹೋಗಿ, ಮಚ್ಚೆಯೊಂದೇ ಉಳಿದ ಹಾಗೆ ಕಂಡಿತು. ಅವಳು ಅಳಲಿಲ್ಲ. ಫೋನು ತೆಗೆದು ನನ್ನ ಕೈಗಿಟ್ಟಳು. ‘ನೋಡು ಅತ್ತೆ. ಯಾರ್ಯಾರು ಮರುಳಾಗಿದ್ದಾರೆ ನೋಡು’ ಅಂದಳು.

ಆ ಫೋಟೋ ಆ್ಯಪಿನಲ್ಲಿ ಯಾರೋ ಮಾಡಿದ ಒಂದು ಪೇಜು, ಹೆಸರು ನಕ್ಷೆ. ಮೊದಲು ನನಗೆ ಅರ್ಥವಾಗಲಿಲ್ಲ, ಸಮಾಜ ಪಾಠದ್ದೇನೋ ಅಂದುಕೊಂಡೆ. ಆಮೇಲೆ ಅದು ಕೆನ್ನೆ ಅಂತ ಗೊತ್ತಾಯಿತು. ಶಾಲೆಯ ಆಟೋಟದ ದಿನ, ಓಟಕ್ಕೆ ಅಂತ ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿಕೊಂಡು ನಿಂತಿದ್ದಾಗ ಯಾರೋ ಪಕ್ಕದಿಂದ ತೆಗೆದ ಫೋಟೋ. ಅವಳು ಯಾರನ್ನೋ ನೋಡಿ ನಗುತ್ತಿದ್ದಳು, ಬಿಸಿಲು ಸರಿಯಾಗಿ ಮಚ್ಚೆಯ ಮೇಲೆ ಬಿದ್ದಿತ್ತು. ಒಂದು ಕಡೆ ಅದು, ಇನ್ನೊಂದು ಕಡೆ ನಮ್ಮ ಗೋಡೆಯ ಫೋಟೋ. ಕೆಳಗೆ, ‘ಈ ಕ್ರೀಮು ಅಪ್ಪನ ಅಂಗಡೀಲಿ ಸಿಗುತ್ತೆ.’ ಮುಂದಿನದರಲ್ಲಿ ಮಚ್ಚೆಯ ಸುತ್ತ ಗಡಿ ಎಳೆದಿದ್ದರು. ಅದರೊಳಗೆ ನೀಲಿಯಲ್ಲಿ ನದಿ, ಕಪ್ಪಿನಲ್ಲಿ ರೈಲು ಹಳಿ, ಕಣ್ಣಿನ ಕೆಳಗೆ ಒಂದು ಚುಕ್ಕೆ, ರಾಜಧಾನಿ. ದಿನಕ್ಕೊಂದು ಪ್ರಶ್ನೆ. ಈ ದೇಶದ ಮುಖ್ಯ ಬೆಳೆ ಯಾವುದು? ಇಲ್ಲಿ ಮಳೆ ಎಷ್ಟು? ಉತ್ತರಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಹದಿನಾಲ್ಕು ವರ್ಷದ ಮಕ್ಕಳಿಗೆ ಅಷ್ಟು ಹೊಲಸು ಮಾತು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ನಕ್ಕವರ ಪಟ್ಟಿ ಉದ್ದಕ್ಕೆ ಇತ್ತು. ಪ್ರತಿ ಹೆಸರಿನ ಪಕ್ಕ ಗುಂಡಗೆ ಒಂದು ಮುಖ. ನೋಡುತ್ತಾ ಹೋದೆ, ಅರ್ಧಕ್ಕರ್ಧ ಮುಖಗಳು ನನಗೆ ಗೊತ್ತಿದ್ದವೇ. ಹಿಂದೆ ನಮ್ಮ ನೀಲಿ ಬಟ್ಟೆ, ಗದ್ದ ಸ್ವಲ್ಪ ಮೇಲೆ. ಈ ಹುಡುಗನಿಗೆ ಮೂಗಿನ ತುದಿಯಲ್ಲಿ ದಪ್ಪ ಮೊಡವೆ ಇತ್ತು. ಈ ಹುಡುಗಿಗೆ ತುಟಿಯ ಮೇಲೆ ಹೊಲಿಗೆಯ ಗುರುತು. ತಮ್ಮ ಒರೆಸಿದ್ದ, ನಾನು ಕತ್ತರಿಸಿ ಕವರಿಗೆ ಹಾಕಿ ಕೊಟ್ಟಿದ್ದೆ. ನಮ್ಮ ಅಂಗಡಿಯ ಕ್ರೀಮನ್ನು ಹಚ್ಚಿಕೊಂಡವರೇ ಸಾಲಾಗಿ ಕೂತು ನಗುತ್ತಿದ್ದರು. ಆಟೋಟದ ಫೋಟೋ ತೆಗೆದವರು ಯಾರು ಅಂತ ಕೇಳಿದೆ. ಮೂರು ವರ್ಷದಿಂದ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿ. ಅವತ್ತು ಕೂಸು ನಗುತ್ತಿದ್ದದ್ದು ಅವಳನ್ನು ನೋಡಿ.

ಸಂಜೆ ತಮ್ಮನಿಗೆ, ಡ್ಯೂಟಿ ಮುಗಿಸಿ ಬಂದ ಅವನ ಹೆಂಡತಿಗೆ ತೋರಿಸಿದೆ. ಅವಳು ತುಟಿ ಕಚ್ಚಿಕೊಂಡು ಒಂದೊಂದನ್ನೂ ಓದಿದಳು. ತಮ್ಮ ಎರಡು ನೋಡಿ ಫೋನು ಕೆಳಗಿಟ್ಟ. ಮಾರನೆಯ ದಿನ ಇಬ್ಬರೂ ಶಾಲೆಗೆ ಹೋದರು. ಅಲ್ಲಿ ಆದದ್ದು ಹಾವು ಸಾಯಬಾರದು ಕೋಲು ಮುರಿಯಬಾರದು ಅನ್ನುವಂಥ ಪಂಚಾಯಿತಿ. ನಾಲ್ಕು ಮಕ್ಕಳನ್ನು ನಿಲ್ಲಿಸಿ ಕ್ಷಮೆ ಕೇಳಿಸಿದರು, ಪೇಜು ತೆಗೆಸಿದರು, ಮಕ್ಕಳಾಟ, ದೊಡ್ಡದು ಮಾಡಬೇಡಿ ಅಂದರು. ಎರಡೇ ದಿನ. ಮೂರನೆಯ ದಿನ ಹೊಸ ಪೇಜು ಬಂತು, ಹೊಸ ನಕ್ಷೆ ಅಂತ. ಅದೇ ಆಟೋಟದ ಫೋಟೋ. ಕೆಳಗೆ, ‘ದೇಶದ ಮೇಲೆ ದೂರು ದಾಖಲಾಗಿದೆ.’ ಯಾರು ಮಾಡಿದ್ದು ಅಂತ ಗೊತ್ತಿಲ್ಲ, ಹಿಡಿಯೋಣವೆಂದರೆ ಮುಖವಿಲ್ಲ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು.

ಕೂಸು ಹತ್ತನೇ ತರಗತಿಗೆ ಬಂದಳು. ಆ ವರ್ಷ ದೊಡ್ಡ ಪರೀಕ್ಷೆ. ಶಾಲೆಗೆ ಹೋಗುವುದನ್ನು ಬಿಟ್ಟಿರಲಿಲ್ಲ, ಅದಕ್ಕೆ ಎಷ್ಟು ಗಟ್ಟಿ ಜೀವ ಬೇಕು ಅಂತ ಅವಳ ತಾಯಿ ನನಗೆ ಹೇಳುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ, ಯಾರೂ ಕರೆಯದೆ, ಅವಳು ತಾನಾಗಿ ಸ್ಟುಡಿಯೋಗೆ ಇಳಿದು ಬಂದಳು. ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿಕೊಂಡಿದ್ದಳು. ಸ್ಟೂಲಿನ ಮೇಲೆ ಕೂತಳು. ‘ಅಪ್ಪ, ನಂದೊಂದು ಫೋಟೋ ತೆಗಿ. ಇದ್ದ ಹಾಗೇ. ನಾನೇ ಹಾಕಿಬಿಡ್ತೀನಿ. ನಾನೇ ತೋರಿಸಿದ ಮೇಲೆ ಅವ್ರು ಏನಂತ ತೋರಿಸ್ತಾರೆ?’ ಅಂದಳು.

ಎಷ್ಟು ರಾತ್ರಿ ಯೋಚಿಸಿ ಆ ತೀರ್ಮಾನಕ್ಕೆ ಬಂದಿದ್ದಳೋ. ತಮ್ಮ ದೀಪ ಹಚ್ಚಿದ. ಎಡಗೆನ್ನೆಗೆ ಬೆಳಕು ಕೊಟ್ಟ, ಅವನ ಜನ್ಮದಲ್ಲಿ ಮೊದಲ ಸಲ. ಮೊದಲು ಅವಳು ಬಿಗಿಯಾಗಿ ಕೂತಿದ್ದಳು. ನಾನು ಬ್ಯಾಂಕಿನವರ ಹಾಗೆ ಹೊಟ್ಟೆ ಒಳಗೆಳೆದುಕೊಂಡು ನಿಂತೆ. ಅವಳು ನಕ್ಕುಬಿಟ್ಟಳು, ಎಷ್ಟೋ ತಿಂಗಳ ಮೇಲೆ, ಹಲ್ಲೆಲ್ಲ ಕಾಣುವ ಹಾಗೆ. ತಮ್ಮ ಆ ಕ್ಷಣವನ್ನು ಹಿಡಿದ. ಅಷ್ಟು ಚೆನ್ನಾದ ಫೋಟೋ ಅವನು ಹಿಂದೆ ತೆಗೆದದ್ದಿಲ್ಲ, ಇಪ್ಪತ್ತು ವರ್ಷ ಮುಖ ಕತ್ತರಿಸಿದವಳು ಹೇಳುತ್ತಿದ್ದೇನೆ. ಬೇಗ ಕಳಿಸು ಅಪ್ಪ ಅಂತ ಹೇಳಿ ಅವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಮೇಲೆ ಹೋದಳು.

ತಮ್ಮ ಅದನ್ನು ಕಂಪ್ಯೂಟರಿಗೆ ಹಾಕಿದ. ದೊಡ್ಡದು ಮಾಡಿ ನೋಡಿದ. ಆಮೇಲೆ ಅವನ ಕೈ ಮೌಸಿನ ಮೇಲೆ ಹೋಯಿತು. ಪೂರ್ತಿ ತೆಗೆಯಲಿಲ್ಲ, ಅದನ್ನು ನಾನು ಹೇಳಲೇಬೇಕು. ಬಣ್ಣವನ್ನು ಒಂದಿಷ್ಟು ತಿಳಿ ಮಾಡಿದ. ದವಡೆಯ ಕಡೆಯ ಅಂಚನ್ನು ಬೆರಳಷ್ಟು ಒಳಕ್ಕೆ ತಂದ. ‘ಬರೀ ಸ್ವಲ್ಪ ಅಕ್ಕ. ಜನ ನೋಡ್ತಾರಲ್ಲ’ ಅಂದ. ನಾನು ಅವನ ಹಿಂದೆಯೇ ನಿಂತಿದ್ದೆ. ಬೇಡ ಕಣೋ, ಮಗು ಹೇಳಿದ್ದು ನಿನಗೆ ಕೇಳಲಿಲ್ಲವಾ ಅಂತ ಅನ್ನಬಹುದಿತ್ತು. ಬೀದಿಗೆಲ್ಲ ಬೈಯುವ ಬಾಯಿ ಅವತ್ತು ಏನಂದಿತು ಗೊತ್ತೇ? ‘ಹೂಂ, ಈಗ ಚೆನ್ನಾಗಿ ಕಾಣ್ತಾಳೆ’ ಅಂದಿತು. ತಮ್ಮ ಅದನ್ನು ಯಥಾಪ್ರಕಾರ ಮೊದಲಿನದರ ಮೇಲೇ ಉಳಿಸಿ, ಅವಳ ಫೋನಿಗೆ ಕಳಿಸಿದ.

ಅವಳು ದೊಡ್ಡದು ಮಾಡಿ ನೋಡಲಿಲ್ಲ. ಅಪ್ಪನ ಮೇಲೆ ನಂಬಿಕೆ, ಫೋನಿನಲ್ಲಿ ಅಂಗೈಯಷ್ಟು ಚಿತ್ರ, ಮನಸ್ಸಿನಲ್ಲಿ ಅವಸರ. ತಕ್ಷಣ ಹಾಕಿಬಿಟ್ಟಳು. ಜೊತೆಗೆ ಒಂದು ಸಾಲು: ‘ಇದು ನಾನು, ಇದ್ದ ಹಾಗೇ.’

ಮೊದಲ ಒಂದು ಗಂಟೆ ಚೆನ್ನಾಗೇ ಹೋಯಿತಂತೆ. ಇಬ್ಬರು ಮೂವರು ಒಳ್ಳೆಯ ಮಾತು ಬರೆದರು. ಅವಳು ಕೆಳಗೆ ಬಂದು ನನ್ನ ಮುಂದೆ ಫೋನು ಹಿಡಿದು ಓದಿ ಹೇಳಿದಳು, ನನ್ನ ಪಾಲಿನ ಟೀ ಕುಡಿದಳು. ಮಧ್ಯಾಹ್ನದ ಹೊತ್ತಿಗೆ ಹೊಸ ನಕ್ಷೆಯವರು ಎದ್ದರು. ಆಟೋಟದ ಫೋಟೋ ಒಂದು ಕಡೆ, ಇದು ಇನ್ನೊಂದು ಕಡೆ, ಎರಡರ ಮೇಲೂ ಸ್ಕೇಲಿನ ಗೆರೆ. ಅಳತೆ ಹಾಕಿದ್ದರು. ‘ಅರ್ಧ ರಾಜ್ಯ ಎಲ್ಲಿ ಹೋಯ್ತು? ಇದ್ದ ಹಾಗೇ ಅಂತೆ. ಅಪ್ಪ ನುಂಗಿದನಂತೆ.’ ಮೊದಲು ಒಳ್ಳೆಯ ಮಾತು ಬರೆದಿದ್ದವರೂ ಅದನ್ನು ಅಳಿಸಿಕೊಂಡರು. ಅಲ್ಲಿಯವರೆಗೆ ಅವಳು ಮಚ್ಚೆಯ ಹುಡುಗಿ ಅಷ್ಟೇ ಆಗಿದ್ದಳು. ಅವತ್ತಿನಿಂದ ಸುಳ್ಳಿಯೂ ಆದಳು. ಅವಳ ತಪ್ಪು ಇದರಲ್ಲಿ ಎಳ್ಳಷ್ಟೂ ಇರಲಿಲ್ಲ.

ಅವಳು ಕೆಳಗೆ ಬಂದಾಗ ತಮ್ಮ ಯಾರಿಗೋ ಫೋಟೋ ಅಚ್ಚು ಹಾಕುತ್ತಿದ್ದ. ಗಿರಾಕಿ ಹೋಗುವವರೆಗೆ ಪರದೆಯ ಹಿಂದೆ ನಿಂತು ಕಾದಳು. ಆಮೇಲೆ ಮೆಲ್ಲಗೆ ಕೇಳಿದಳು, ‘ಅಪ್ಪ, ತಿದ್ದದೇ ಇರೋದು ಕೊಡು. ಅದನ್ನ ಹಾಕ್ತೀನಿ. ತಪ್ಪಾಗಿ ಇದು ಬಂತು ಅಂತ ಹೇಳ್ತೀನಿ.’

ತಮ್ಮ ಕಂಪ್ಯೂಟರಿನಲ್ಲಿ ಹುಡುಕಿದ ಹಾಗೆ ಮಾಡಿದ. ಇಲ್ಲ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಕ್ಯಾಮೆರಾದ ಕಾರ್ಡನ್ನೂ ಆಗಲೇ ಒರೆಸಿ ಮುಂದಿನ ಗಿರಾಕಿಗೆ ಬಳಸಿದ್ದ. ಇನ್ನೊಂದು ತೆಗೀತೀನಿ ಮರಿ, ಈಗಲೇ ತೆಗೀತೀನಿ, ಮುಟ್ಟಲ್ಲ, ಆಣೆ ಅಂದ. ಅವಳು ಅವನನ್ನೇ ನೋಡಿದಳು. ಆ ನೋಟ ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ‘ಅವ್ರು ನನ್ನ ಮುಖ ನೋಡಿ ನಕ್ರು ಅಪ್ಪ. ನೀನು ನೋಡೇ ಇಲ್ಲ’ ಅಂದಳು. ಅಷ್ಟೇ ಹೇಳಿ ಮೇಲೆ ಹೋದಳು.

ಅವತ್ತು ನಾನು ಎಲ್ಲ ಆಲ್ಬಮ್ಮುಗಳನ್ನೂ ಕೆಳಗಿಳಿಸಿ ಹಾಳೆ ಹಾಳೆ ತಿರುವಿದೆ. ಒಂದಾದರೂ ತಪ್ಪಿಸಿಕೊಂಡು ಉಳಿದಿರಬಹುದು, ಯಾರೋ ನೆಂಟರು ತೆಗೆದದ್ದು, ಎಲ್ಲೋ ಹಿಂದೆ ನಿಂತದ್ದು. ನೆಂಟರು ತೆಗೆದವನ್ನೂ ತಮ್ಮ ಇಸಿದುಕೊಂಡು ತಿದ್ದಿ ಕೊಟ್ಟಿದ್ದ. ಆ ಹುಡುಗಿಯ ನಿಜವಾದ ಮುಖ ಇರುವ ಫೋಟೋ ಈ ಲೋಕದಲ್ಲಿ ಒಂದೇ ಒಂದು. ಅದು ಆ ಪೇಜಿನಲ್ಲಿದೆ. ಅದರ ಮೇಲೆ ನದಿಯಿದೆ, ರೈಲು ಹಳಿಯಿದೆ.

ಸೋಮವಾರ ಅವಳು ಶಾಲೆಗೆ ಹೋಗಲಿಲ್ಲ. ಮಂಗಳವಾರವೂ ಇಲ್ಲ. ಅವಳ ತಾಯಿ ಎರಡು ವಾರ ರಜೆ ಹಾಕಿ ಮಗಳ ಪಕ್ಕದಲ್ಲೇ ಮಲಗಿದಳು, ತನ್ನ ಆಸ್ಪತ್ರೆಯಲ್ಲಿ ಮಕ್ಕಳ ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ನಾಲ್ಕು ಸಲ ಹೋದರು. ನಾಲ್ಕು ಸಲವೂ ಕೂಸು ಕೂದಲ ಹಿಂದೆ ಕೂತು, ಹೂಂ, ಇಲ್ಲ, ಗೊತ್ತಿಲ್ಲ ಅನ್ನುವ ಮೂರು ಮಾತು ಆಡಿ ಬಂದಳು. ಐದನೆಯ ಸಲ ಏಳಲಿಲ್ಲ. ಫೋನನ್ನು ಕಿತ್ತು ಎಸೆಯಿರಿ ಅಂತ ನಾನು ಕೂಗಾಡಿದೆ. ಅವಳೇ ಅದನ್ನು ಆರಿಸಿ ನನ್ನ ಕೈಗೆ ಕೊಟ್ಟಳು. ಫೋನು ನನ್ನ ಹತ್ತಿರ ಇಲ್ಲದಿದ್ದರೆ ಆ ಫೋಟೋ ಅಲ್ಲಿ ಇರಲ್ಲವಾ ಅತ್ತೆ ಅಂತ ಕೇಳಿದಳು.

ಬೀದಿಯವರು ವಿಚಾರಿಸಿದರೆ ಹುಷಾರಿಲ್ಲ ಅನ್ನುತ್ತಿದ್ದೆವು. ಶಾಲೆಯ ಮಕ್ಕಳು ಎಂದಿನ ಹಾಗೆ ಫೋಟೋಗೆ ಬರುತ್ತಿದ್ದರು, ಪರೀಕ್ಷೆಯ ಫಾರಂ ತುಂಬುವ ಕಾಲ ಅದು. ಮೂಗಿನ ತುದಿಯಲ್ಲಿ ಮೊಡವೆಯಿದ್ದ ಹುಡುಗನೂ ಬಂದ, ನಮಸ್ಕಾರ ಅಂಕಲ್ ಅಂದ. ನಾನು ಕತ್ತರಿ ಹಿಡಿದು ಎದ್ದು ನಿಂತೆ, ಯಾಕೆ ಅಂತ ನನಗೇ ಗೊತ್ತಿಲ್ಲ. ತಮ್ಮ ನನ್ನ ಭುಜ ಒತ್ತಿ ಕೂರಿಸಿದ. ಹುಡುಗನಿಗೆ ಫೋಟೋ ತೆಗೆದ. ತಿದ್ದಿದ. ಅವನಿಗೆ ಬರುವ ಕೆಲಸ ಅದೊಂದೇ.

ಫಾರಂಗೆ ಕೊನೆಯ ದಿನ ಬಂತು. ಕ್ಲಾಸ್ ಟೀಚರ್ ಎರಡು ಸಲ ಫೋನು ಮಾಡಿದರು; ಶಾಲೆಗೆ ಬಾರದಿದ್ದರೂ ಪರವಾಗಿಲ್ಲ, ಹಾಜರಾತಿ ನಾನು ನೋಡಿಕೊಳ್ಳುತ್ತೇನೆ, ಫೋಟೋ ಮತ್ತು ಸಹಿ ಇವತ್ತು ಕಳಿಸಿ, ಇಲ್ಲದಿದ್ದರೆ ವರ್ಷ ಹೋಗುತ್ತದೆ ಅಂದರು. ಅವಳ ತಾಯಿ ಮಗಳ ಕೋಣೆಯ ಬಾಗಿಲಾಚೆ ನಿಂತು ಎಷ್ಟೋ ಹೊತ್ತು ಬೇಡಿಕೊಂಡಳು. ಕೊನೆಗೆ ಮಧ್ಯಾಹ್ನ ಮೂರರ ಹೊತ್ತಿಗೆ ಬಾಗಿಲು ತೆರೆಯಿತು. ಅವಳು ಮೆಟ್ಟಿಲನ್ನು ಒಂದೊಂದಾಗಿ ಇಳಿದು ಬಂದು ಸ್ಟೂಲಿನ ಮೇಲೆ ಕೂತಳು. ನಾನು ಓಡಿಹೋಗಿ ಗಾಜಿನ ಬಾಗಿಲಿಗೆ ಚಿಲಕ ಹಾಕಿದೆ. ಮನಸ್ಸಿನಲ್ಲಿ ಒಂದಿಷ್ಟು ಆಸೆ ಮೊಳೆಯಿತು, ಸುಳ್ಳು ಹೇಳುವುದಿಲ್ಲ.

ತಮ್ಮ ಕ್ಯಾಮೆರಾ ಎತ್ತಿದ. ಅವಳ ಗದ್ದ ಎದೆಗೆ ತಾಗುವಷ್ಟು ಕೆಳಗಿತ್ತು. ಬೀದಿಗೆಲ್ಲ ಹೇಳುವ ಮಾತು ಅವನ ಬಾಯಲ್ಲಿ ಬರಲಿಲ್ಲ. ಕೊನೆಗೆ ಅವಳೇ ಮುಖ ಎತ್ತಿದಳು, ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಒಂದೇ ಸಲ ಬೆಳಕು ಮಿಂಚಿತು. ತಮ್ಮ ಅದನ್ನು ಕಂಪ್ಯೂಟರಿಗೆ ಹಾಕಿ, ಎರಡೂ ಕೈಯನ್ನು ಮೇಜಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ನೋಡು ಮರಿ, ನಾನು ಏನೂ ಮುಟ್ಟಿಲ್ಲ, ನೀನೇ ಪ್ರಿಂಟ್ ಕೊಡು ಅಂದ. ಪಾಪ, ಆ ಒಂದು ಮಾತನ್ನು ಅವನು ಎಷ್ಟು ದಿನದಿಂದ ಕಟ್ಟಿಟ್ಟುಕೊಂಡಿದ್ದನೋ.

ಅವಳು ಅವನ ಪಕ್ಕದ ಕುರ್ಚಿಯಲ್ಲಿ ಕೂತು ಕಂಪ್ಯೂಟರಿನ ಪರದೆಯ ಮೇಲಿನ ತನ್ನ ಮುಖವನ್ನು ತುಂಬ ಹೊತ್ತು ನೋಡಿದಳು. ‘ತಿದ್ದು ಅಪ್ಪ’ ಅಂದಳು.

ಬೇಡ ಮರಿ ಅಂದ ಅವನು. ಪೂರ್ತಿ ತಿದ್ದು ಅಂದಳು. ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಹಾಲ್ ಟಿಕೆಟ್ಟಿನ ಫೋಟೋಗೂ ಮುಖಕ್ಕೂ ತಾಳೆ ನೋಡುತ್ತಾರೆ, ಹೊಂದದಿದ್ದರೆ ಒಳಗೆ ಬಿಡುವುದಿಲ್ಲ ಅಂತ ಅವನು ಮೆತ್ತಗೆ ತಿಳಿಹೇಳಿದ. ‘ನಾನು ಹೋಗಲ್ಲ ಅಪ್ಪ. ಅಮ್ಮ ಅಳ್ತಿದ್ದಾಳೆ ಅಂತ ಬಂದೆ. ಫಾರಂ ಮೇಲೆ ಆ ಗೋಡೆ ಮೇಲಿನ ಹುಡುಗೀನೇ ಇರಲಿ.’

ತಮ್ಮ ನನ್ನ ಕಡೆ ತಿರುಗಿದ. ನಾನು ಏನಾದರೂ ಅನ್ನುತ್ತೇನೆ ಅಂತ ಕಾದ. ನಾನು ಡ್ರಾಯರು ಎಳೆದು ಕತ್ತರಿ ತೆಗೆದೆ. ಅವನ ಕೈ ಮೌಸಿನ ಮೇಲೆ ಹೋಯಿತು. ಹದಿನೈದು ವರ್ಷ ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ ಕೆಲಸಕ್ಕೆ ಅವತ್ತು ಎಷ್ಟೋ ಹೊತ್ತು ಹಿಡಿಯಿತು. ಕಣ್ಣಿನ ಕೆಳಗೆ ಮೊದಲು ಹೋಯಿತು, ಆಮೇಲೆ ಕೆನ್ನೆಯ ನಡುಭಾಗ, ಆಮೇಲೆ ದವಡೆ. ಕಣ್ಣು ಮಂಜಾಗಿ ಅವನಿಗೆ ಏನೂ ಕಾಣುತ್ತಿರಲಿಲ್ಲ, ಪದೇ ಪದೇ ತೋಳಿನಿಂದ ಒರೆಸಿಕೊಳ್ಳುತ್ತಿದ್ದ. ಅವಳು ಬಗ್ಗಿ ಪರದೆಗೆ ಬೆರಳು ಮುಟ್ಟಿಸಿ ತೋರಿಸಿದಳು.

‘ಇಲ್ಲಿ ಸ್ವಲ್ಪ ಉಳಿದಿದೆ ಅಪ್ಪ.’

ಅವನು ಅದನ್ನೂ ತೆಗೆದ. ಹಾಳೆ ಅಚ್ಚಾಗಿ ಬಂತು, ನಾನು ಕತ್ತರಿಸಿದೆ. ಫಾರಂಗೆ ಎರಡು ಬೇಕಿತ್ತು. ಹಾಲ್ ಟಿಕೆಟ್ಟೂ ಬಂತು. ಪರೀಕ್ಷೆಯ ಬೆಳಿಗ್ಗೆ ಅವಳ ತಾಯಿ ಯೂನಿಫಾರಂ ಇಸ್ತ್ರಿ ಮಾಡಿ ಬಾಗಿಲಿಗೆ ನೇತುಹಾಕಿ, ಹತ್ತು ಗಂಟೆ ಹೊಡೆಯುವವರೆಗೆ ಹೊರಗೇ ನಿಂತಿದ್ದಳು. ಬಾಗಿಲು ತೆರೆಯಲಿಲ್ಲ. ಉಳಿದ ಆರು ಫೋಟೋ ಕವರಿನಲ್ಲಿ ನನ್ನ ಡ್ರಾಯರಿನಲ್ಲಿವೆ. ಕತ್ತರಿ ತೆಗೆಯುವಾಗೆಲ್ಲ ಕೈಗೆ ಸಿಗುತ್ತವೆ.